ವರ್ಡ್‌ಪ್ರೆಸ್ ತಾಣವನ್ನು ಮೊದಲಿನ ಸ್ಥಿತಿಗೆ ತರುವುದು ಹೇಗೆ?

ಫೋನಿನ 'ಫ್ಯಾಕ್ಟರಿ ರೀಸೆಟ್' ಗುಂಡಿಗೆ ಒಗ್ಗಿಕೊಂಡವರು ತಮ್ಮ ವೆಬ್‌ಸೈಟಿನಲ್ಲೂ ಅಂಥದೊಂದು ಇರಬೇಕೆಂದು ಹುಡುಕುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ತಾಣವಾದರೆ ಅದು ಸಿಗುವುದಿಲ್ಲ. ಮ್ಯಾಟ್ ಮುಲ್ಲೆನ್ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ಮೊದಲ ಆವೃತ್ತಿಯನ್ನು ಹೊರತಂದರು. ಅಂದಿನಿಂದ ಇಂದಿನವರೆಗೂ ಇಡೀ ತಾಣವನ್ನು ಒಂದೇ ಏಟಿಗೆ ಅಳಿಸಿ ಹೊಸದಾಗಿಸುವ ಗುಂಡಿ ಅದರ ಮೂಲ ತಂತ್ರಾಂಶಕ್ಕೆ ಸೇರಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಹತ್ತು ವರ್ಷದ ಲೇಖನಗಳು, ಚಿತ್ರಗಳು, ಓದುಗರ ಪ್ರತಿಕ್ರಿಯೆಗಳು ಇರುವ ಜಾಗದಲ್ಲಿ ಅಂಥ ಗುಂಡಿ ಕೈಗೆಟುಕುವಷ್ಟು ಹತ್ತಿರ ಇರದಿದ್ದರೇ ಒಳ್ಳೆಯದು.

ಹಾಗಿದ್ದೂ ರೀಸೆಟ್ ಬೇಕಾಗುವ ಸಂದರ್ಭಗಳು ನಿಜವಾಗಿಯೇ ಇವೆ. ತಾಣ ಕಟ್ಟಿಕೊಟ್ಟವರು ಮಾದರಿಗೆಂದು ತುಂಬಿದ್ದ ಪುಟಗಳು ಹಾಗೇ ಉಳಿದಿರುತ್ತವೆ. ಸಂಘದ ಹಳೆಯ ಸಮಿತಿಯವರು ಬಿಟ್ಟುಹೋದ ತಾಣವನ್ನು ಹೊಸಬರು ವಹಿಸಿಕೊಳ್ಳುತ್ತಾರೆ, ಯಾವ ಸೆಟ್ಟಿಂಗ್ ಯಾರು ಏಕೆ ಬದಲಿಸಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಥೀಮ್ ಬದಲಿಸಲು ಹೋಗಿ ಮುಖಪುಟ ಚೆಲ್ಲಾಪಿಲ್ಲಿಯಾಗಿರುತ್ತದೆ. ಯಾರೋ ಒಳನುಗ್ಗಿ ಜಾಹೀರಾತಿನ ಕೊಂಡಿಗಳನ್ನು ತುಂಬಿರುತ್ತಾರೆ. ಇವೆಲ್ಲಕ್ಕೂ 'ರೀಸೆಟ್ ಮಾಡಿಬಿಡೋಣ' ಎಂಬ ಒಂದೇ ಮಾತು ಬರುತ್ತದೆ. ಆದರೆ ನಾಲ್ಕಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಆದ್ದರಿಂದ ಯಾರು ಕೇಳಿದರೂ ನಾನು ಮರುಪ್ರಶ್ನೆಯೊಂದನ್ನು ಹಾಕುತ್ತೇನೆ: ಮೊದಲಿನಂತೆ ಆಗಬೇಕಾದ್ದು ಯಾವುದು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಹೆಚ್ಚಿನವರಿಗೆ ಪೂರ್ತಿ ಅಳಿಸುವ ಅಗತ್ಯವೇ ಬರುವುದಿಲ್ಲ.

ತಾಣ ಮೂರು ಕಡೆ ಹಂಚಿಹೋಗಿದೆ

ಉತ್ತರ ಹುಡುಕಲು ತಾಣದ ಸಾಮಾನು ಎಲ್ಲೆಲ್ಲಿದೆ ಎಂದು ತಿಳಿದಿರಬೇಕು. ಮೊದಲನೆಯದು ವರ್ಡ್‌ಪ್ರೆಸ್‌ನ ಮೂಲ ಕಡತಗಳು. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದರೆ 'ಡಬ್ಲ್ಯುಪಿ-ಅಡ್ಮಿನ್', 'ಡಬ್ಲ್ಯುಪಿ-ಇನ್‌ಕ್ಲೂಡ್ಸ್' ಎಂಬ ಎರಡು ಫೋಲ್ಡರುಗಳು ಕಾಣುತ್ತವೆ. ಇವು ಲೋಕದ ಎಲ್ಲ ವರ್ಡ್‌ಪ್ರೆಸ್ ತಾಣಗಳಲ್ಲೂ ಒಂದೇ, ನಿಮ್ಮದು ಎನ್ನುವಂಥದ್ದು ಇವುಗಳಲ್ಲಿ ಏನೂ ಇಲ್ಲ. ಎರಡನೆಯದು 'ಡಬ್ಲ್ಯುಪಿ-ಕಂಟೆಂಟ್' ಫೋಲ್ಡರ್. ನೀವು ಹಾಕಿದ ಥೀಮ್‌ಗಳು, ಪ್ಲಗಿನ್‌ಗಳು, ಏರಿಸಿದ ಚಿತ್ರಗಳು ಇಲ್ಲಿವೆ. ಚಿತ್ರಗಳು ಅದರೊಳಗಿನ 'ಅಪ್‌ಲೋಡ್ಸ್'ನಲ್ಲಿ ಸಾಮಾನ್ಯವಾಗಿ ವರ್ಷ, ತಿಂಗಳಿನ ಪ್ರಕಾರ ಜೋಡಣೆಯಾಗಿರುತ್ತವೆ.

ಮೂರನೆಯದು ಡೇಟಾಬೇಸ್. ತಾಣದ ಜೀವ ಇರುವುದು ಇಲ್ಲಿ. ಹೊಸದಾಗಿ ಸ್ಥಾಪಿಸಿದ ವರ್ಡ್‌ಪ್ರೆಸ್‌ನ ಡೇಟಾಬೇಸಿನಲ್ಲಿ 12 ಕೋಷ್ಟಕಗಳಿರುತ್ತವೆ. ಬರಹಗಳು 'ಪೋಸ್ಟ್ಸ್' ಕೋಷ್ಟಕದಲ್ಲಿ, ಪ್ರತಿಕ್ರಿಯೆಗಳು 'ಕಾಮೆಂಟ್ಸ್'ನಲ್ಲಿ, ಖಾತೆದಾರರು 'ಯೂಸರ್ಸ್'ನಲ್ಲಿ, ಸೆಟ್ಟಿಂಗ್‌ಗಳು 'ಆಪ್ಷನ್ಸ್'ನಲ್ಲಿ. ಪ್ಲಗಿನ್‌ಗಳು ತಮಗೆ ಬೇಕಾದಂತೆ ಇನ್ನಷ್ಟು ಕೋಷ್ಟಕಗಳನ್ನು ಸೇರಿಸಿಕೊಳ್ಳುತ್ತವೆ. ಕಡತಗಳಿಗೂ ಡೇಟಾಬೇಸಿಗೂ ಗಂಟು ಹಾಕುವುದು 'ಡಬ್ಲ್ಯುಪಿ-ಕಾನ್ಫಿಗ್' ಎಂಬ ಪುಟ್ಟ ಕಡತ; ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಅದರಲ್ಲಿರುತ್ತವೆ.

ಈ ಹಂಚಿಕೆ ಗೊತ್ತಿಲ್ಲದೆ ಕೈ ಹಾಕಿದವರಿಗೆ ಕಾಣುವ ವಿಚಿತ್ರಗಳು ಇವು: ಫೈಲ್ ಮ್ಯಾನೇಜರಿನಲ್ಲಿ ಎಲ್ಲ ಕಡತಗಳನ್ನೂ ಅಳಿಸಿ, ಅದೇ ಡೇಟಾಬೇಸಿಗೆ ವರ್ಡ್‌ಪ್ರೆಸ್ ಮತ್ತೆ ಹಾಕಿದರೆ ಹಳೆಯ ಲೇಖನಗಳು ಮತ್ತೆ ಪ್ರತ್ಯಕ್ಷ, ಏಕೆಂದರೆ ಡೇಟಾಬೇಸನ್ನು ಯಾರೂ ಮುಟ್ಟಿಲ್ಲ. ಡೇಟಾಬೇಸ್ ಬರಿದು ಮಾಡಿದರೆ ಮೀಡಿಯಾ ಲೈಬ್ರರಿ ಖಾಲಿ ಕಾಣುತ್ತದೆ, ಆದರೆ ಚಿತ್ರಗಳೆಲ್ಲ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಜಾಗ ತಿನ್ನುತ್ತ ಕೂತಿರುತ್ತವೆ. ಲೈಬ್ರರಿಯಲ್ಲಿ ಕಾಣುವುದು ಡೇಟಾಬೇಸಿನ ದಾಖಲೆ, ಕಡತ ಇರುವುದು ಇನ್ನೊಂದು ಕಡೆ.

ಸೆಟ್ಟಿಂಗ್‌ಗಳನ್ನಷ್ಟೇ ಹಿಂದಕ್ಕೆ ತರುವುದು

ಸಮಿತಿ ಬದಲಾದ ತಾಣದ ಉದಾಹರಣೆಗೆ ಬರೋಣ. ಅಲ್ಲಿ ಲೇಖನಗಳೆಲ್ಲ ಬೇಕು, ಕೆಟ್ಟಿರುವುದು ಸೆಟ್ಟಿಂಗ್‌ಗಳು ಮಾತ್ರ. ಇದಕ್ಕೆ ಯಾವ ಸಾಧನವೂ ಬೇಡ, ಡ್ಯಾಶ್‌ಬೋರ್ಡಿನ 'ಸೆಟ್ಟಿಂಗ್ಸ್' ಮೆನುವಿನ ಪುಟಗಳನ್ನು ಒಂದೊಂದಾಗಿ ತೆರೆದು ಡೀಫಾಲ್ಟ್ ಬೆಲೆಗಳನ್ನು ತುಂಬಿದರೆ ಸಾಕು. 'ರೀಡಿಂಗ್' ಪುಟದಲ್ಲಿ ಒಂದು ಪುಟಕ್ಕೆ 10 ಬರಹ, ಫೀಡಿಗೂ 10. 'ಮೀಡಿಯಾ'ದಲ್ಲಿ ಚಿಕ್ಕ ಚಿತ್ರ 150 ಬೈ 150, ಮಧ್ಯಮ 300, ದೊಡ್ಡದು 1024 ಪಿಕ್ಸೆಲ್. 'ಡಿಸ್ಕಷನ್'ನಲ್ಲಿ ಪ್ರತಿಕ್ರಿಯೆಗೆ ಪ್ರತಿಕ್ರಿಯೆ 5 ಹಂತದವರೆಗೆ. 2 ಅಥವಾ ಹೆಚ್ಚು ಕೊಂಡಿಗಳಿರುವ ಪ್ರತಿಕ್ರಿಯೆ ತಡೆದು ನಿಲ್ಲಬೇಕು. ಒಮ್ಮೆ ಒಪ್ಪಿಗೆ ಪಡೆದವರ ಪ್ರತಿಕ್ರಿಯೆ ಮಾತ್ರ ನೇರವಾಗಿ ಪ್ರಕಟವಾಗಬೇಕು. 'ಜನರಲ್' ಪುಟದಲ್ಲಿ ಯಾರು ಬೇಕಾದರೂ ಖಾತೆ ತೆರೆಯುವ ಅವಕಾಶ ಮುಚ್ಚಿರಬೇಕು, ಹೊಸ ಖಾತೆಯ ದರ್ಜೆ 'ಸಬ್‌ಸ್ಕ್ರೈಬರ್' ಆಗಿರಬೇಕು. ಈ ಕೊನೆಯದನ್ನು ತಪ್ಪದೆ ನೋಡಿ. ಅಲ್ಲಿ 'ಅಡ್ಮಿನಿಸ್ಟ್ರೇಟರ್' ಎಂದಿದ್ದರೆ ತಾಣದ ಬೀಗದ ಕೈ ಬೀದಿಯಲ್ಲಿ ಬಿದ್ದಿದೆ ಎಂದೇ ಅರ್ಥ.

ಎರಡು ಡೀಫಾಲ್ಟ್‌ಗಳನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಸಮಯವಲಯದ ಡೀಫಾಲ್ಟ್ ಯುಟಿಸಿ. ಅದನ್ನು ಹಾಗೇ ಬಿಟ್ಟರೆ ಬೆಳಿಗ್ಗೆ 6ಕ್ಕೆ ಪ್ರಕಟವಾಗಲೆಂದು ನಿಗದಿ ಮಾಡಿದ ಲೇಖನ ನಮ್ಮ ಗಡಿಯಾರದಲ್ಲಿ 11.30ಕ್ಕೆ ಬರುತ್ತದೆ. ಭಾರತದಲ್ಲಿರುವವರು ಪಟ್ಟಿಯಲ್ಲಿ ಕೋಲ್ಕತಾ ಆರಿಸಬೇಕು. ಇನ್ನೊಂದು ಪರ್ಮಾಲಿಂಕ್, ಅಂದರೆ ಲೇಖನದ ವಿಳಾಸದ ರೂಪ. ಇಂದು ಹೊಸದಾಗಿ ಸ್ಥಾಪಿಸಿದರೆ, ಸರ್ವರ್ ಒಪ್ಪಿದಲ್ಲಿ, ವರ್ಷ-ತಿಂಗಳು-ದಿನ-ಹೆಸರು ಇರುವ ರೂಪ ಬರುತ್ತದೆ. ನಿಮ್ಮ ತಾಣ ಇಷ್ಟು ವರ್ಷ ಬೇರೆ ರೂಪದಲ್ಲಿದ್ದು, ಗೂಗಲ್‌ನಲ್ಲಿ, ಬೇರೆಯವರ ಲೇಖನಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ವಿಳಾಸಗಳೇ ಹರಡಿದ್ದರೆ ಡೀಫಾಲ್ಟ್‌ಗೆ ಮರಳುವುದರಿಂದ ನಷ್ಟವೇ. ಹಳೆಯ ವಿಳಾಸ ನೋಡಿ ಸರಿಯಾದ ಪುಟವನ್ನು ಊಹಿಸುವ ಬುದ್ಧಿ ವರ್ಡ್‌ಪ್ರೆಸ್‌ಗೆ ಸ್ವಲ್ಪ ಇದೆ, ಆದರೆ ಎಲ್ಲ ಸಲವೂ ಅದು ಫಲಿಸುವುದಿಲ್ಲ. ಕೈ ಹಾಕುವ ಮೊದಲು ಪರ್ಮಾಲಿಂಕ್ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಆಪ್ಷನ್ಸ್ ಕೋಷ್ಟಕವನ್ನು ಡೇಟಾಬೇಸ್ ನಿರ್ವಹಿಸುವ ಸಾಧನವಾದ ಪಿಎಚ್‌ಪಿ ಮೈಅಡ್ಮಿನ್‌ನಲ್ಲಿ ತೆರೆದು ಕೈಯಿಂದಲೇ ತಿದ್ದುವ ಆಸೆ ಕೆಲವರಿಗೆ ಹುಟ್ಟುತ್ತದೆ. ಕನ್ನಡ ತಾಣಗಳವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅನೇಕ ಸೆಟ್ಟಿಂಗ್‌ಗಳು ಆ ಕೋಷ್ಟಕದಲ್ಲಿ 'ಸೀರಿಯಲೈಸ್' ಆದ ರೂಪದಲ್ಲಿರುತ್ತವೆ. ಪ್ರತಿ ಪದದ ಹಿಂದೆ ಅದರ ಉದ್ದವನ್ನು ಬೈಟುಗಳಲ್ಲಿ ಬರೆದಿರುತ್ತದೆ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಕ, ನ, ಹಲಂತ ಚಿಹ್ನೆ, ನ, ಡ ಎಂದು ಐದು ಸಂಕೇತ, ಬೈಟಿನ ಲೆಕ್ಕದಲ್ಲಿ 15. ಪದ ತಿದ್ದಿ ಈ ಸಂಖ್ಯೆಯನ್ನು ತಿದ್ದದಿದ್ದರೆ ಆ ಇಡೀ ಸೆಟ್ಟಿಂಗ್ ಓದಲಾಗದಂತಾಗುತ್ತದೆ. ವಿಜೆಟ್‌ಗಳು ಮಾಯವಾಗುವುದು, ಥೀಮಿನ ಆಯ್ಕೆಗಳು ಕಳೆದುಹೋಗುವುದು ಹೀಗೆ. ತಿದ್ದಲೇಬೇಕಾದರೆ ಡಬ್ಲ್ಯುಪಿ-ಸಿಎಲ್‌ಐ ಎಂಬ ಆದೇಶ-ಸಾಲಿನ ಸಾಧನದ 'ಸರ್ಚ್-ರೀಪ್ಲೇಸ್' ಬಳಸಿ, ಈ ಲೆಕ್ಕವನ್ನು ಅದು ತಾನೇ ಸರಿ ಮಾಡುತ್ತದೆ.

ರೂಪ ಕೆಟ್ಟಾಗ

ಥೀಮಿನ ವಿಷಯದಲ್ಲಿ ವರ್ಡ್‌ಪ್ರೆಸ್‌ನ ನೆನಪಿನ ಶಕ್ತಿ ದೊಡ್ಡದು. ಹಳೆಯ ಬಗೆಯ ಥೀಮಿನಲ್ಲಿ ನೀವು 'ಕಸ್ಟಮೈಸ್' ಮೂಲಕ ಮಾಡಿದ ಬದಲಾವಣೆಗಳು ಆ ಥೀಮಿನ ಹೆಸರಿನಲ್ಲೇ ಡೇಟಾಬೇಸಿನಲ್ಲಿ ಉಳಿಯುತ್ತವೆ. ಬೇರೆ ಥೀಮಿಗೆ ಹೋಗಿ ಮರಳಿ ಬಂದರೆ ಹಳೆಯ ಬಣ್ಣ, ಹಳೆಯ ಲೋಗೊ ಎಲ್ಲ ಹಾಗೇ ಇರುತ್ತವೆ. ಥೀಮನ್ನು ಅಳಿಸಿ ಮತ್ತೆ ಹಾಕಿದರೂ ಸಾಮಾನ್ಯವಾಗಿ ಅದೇ ಕಥೆ. 'ಥೀಮ್ ತೆಗೆದು ಹಾಕಿದೆ, ಆದರೂ ಸರಿಯಾಗಲಿಲ್ಲ' ಎಂಬ ದೂರಿಗೆ ಕಾರಣ ಇದೇ. ಅಲ್ಲಿ ಅಳಿಯಬೇಕಾದ್ದು ಆಪ್ಷನ್ಸ್ ಕೋಷ್ಟಕದಲ್ಲಿ 'ಥೀಮ್ ಮಾಡ್ಸ್' ಎಂದು ಶುರುವಾಗಿ ಥೀಮಿನ ಹೆಸರಿನಿಂದ ಮುಗಿಯುವ ಒಂದೇ ಒಂದು ಸಾಲು.

ಹೊಸ ಬಗೆಯ ಬ್ಲಾಕ್ ಥೀಮುಗಳಲ್ಲಿ ಕೆಲಸ ಹಗುರ. 2022ರ ಜನವರಿಯಲ್ಲಿ ಬಂದ 5.9ನೇ ಆವೃತ್ತಿಯಿಂದ ಮೂಲ ತಂತ್ರಾಂಶದಲ್ಲೇ ಇರುವ ಸೈಟ್ ಎಡಿಟರಿನಲ್ಲಿ ನೀವು ತಿದ್ದಿದ ಟೆಂಪ್ಲೇಟುಗಳು ಡೇಟಾಬೇಸಿನಲ್ಲಿ ಉಳಿಯುತ್ತವೆ, ಥೀಮಿನ ಮೂಲ ಕಡತ ಹಾಗೇ ಇರುತ್ತದೆ. ಆದ್ದರಿಂದ ಒಂದೊಂದು ಟೆಂಪ್ಲೇಟಿನ ಮೆನುವಿನಲ್ಲೂ 'ರೀಸೆಟ್' ಎಂಬ ಆಯ್ಕೆ ಇದೆ. ಒತ್ತಿದರೆ ಡೇಟಾಬೇಸಿನ ನಕಲು ಹೋಗಿ ಮೂಲ ರೂಪ ಮರಳುತ್ತದೆ. ಬಣ್ಣ, ಅಕ್ಷರಶೈಲಿಗಳಿಗೆ 'ಸ್ಟೈಲ್ಸ್' ಪಟ್ಟಿಯಲ್ಲಿ ಪ್ರತ್ಯೇಕ ರೀಸೆಟ್ ಇದೆ. ಲೇಖನಗಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ಥೀಮ್ ಮೂಲಸ್ಥಿತಿಗೆ ಬಂದಾಗ ಕನ್ನಡ ಓದುಗರಿಗೆ ಮೊದಲು ಕಣ್ಣಿಗೆ ಬೀಳುವುದು ಫಾಂಟ್. ವರ್ಡ್‌ಪ್ರೆಸ್ ಜೊತೆ ಬರುವ ಥೀಮುಗಳ ಫಾಂಟುಗಳನ್ನು ಲ್ಯಾಟಿನ್ ಲಿಪಿಯನ್ನು ಮುಂದಿಟ್ಟುಕೊಂಡು ಆರಿಸಿರುತ್ತಾರೆ, ಕನ್ನಡದ ಅಕ್ಷರಗಳು ಓದುಗರ ಸಾಧನದಲ್ಲಿರುವ ಫಾಂಟಿನಲ್ಲಿ ಮೂಡುತ್ತವೆ. ಫೋನಿನಲ್ಲಿ ಒಂದು ರೂಪ, ಕಂಪ್ಯೂಟರಿನಲ್ಲಿ ಇನ್ನೊಂದು ರೂಪ ಕಾಣುವುದು ಇದರಿಂದ. ಶೀರ್ಷಿಕೆಗಳ ಸಾಲುಗಳ ನಡುವಿನ ಅಂತರವೂ ಲ್ಯಾಟಿನ್‌ಗೆ ಹೊಂದುವಂತೆ ಬಿಗಿಯಾಗಿದ್ದು, ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. 2024ರಲ್ಲಿ ಬಂದ 6.5ನೇ ಆವೃತ್ತಿಯ 'ಫಾಂಟ್ ಲೈಬ್ರರಿ'ಯಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟೊಂದನ್ನು ಸೇರಿಸಿ, ಸಾಲಿನ ಅಂತರ ಸ್ವಲ್ಪ ಹೆಚ್ಚಿಸಿದರೆ ಎರಡೂ ಸರಿಹೋಗುತ್ತವೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ ಯುನಿಕೋಡ್ ಅಲ್ಲದ ಬರಹವನ್ನು ಥೀಮಿನಲ್ಲಿ ಹೂತಿಟ್ಟ ಫಾಂಟಿನ ಬಲದಿಂದ ತೋರಿಸುತ್ತಿದ್ದ ತಾಣವಾದರೆ ಮಾತ್ರ ಥೀಮನ್ನು ಮುಟ್ಟಬೇಡಿ. ಆ ಫಾಂಟ್ ಹೋದ ಕ್ಷಣ ಲೇಖನಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಮೊದಲು ಬರಹವನ್ನು ಯುನಿಕೋಡಿಗೆ ಪರಿವರ್ತಿಸಿ, ಥೀಮಿನ ಮಾತು ಆಮೇಲೆ.

ಪ್ಲಗಿನ್‌ಗಳದು ಬೇರೆ ಸ್ವಭಾವ. 'ಡಿಆ್ಯಕ್ಟಿವೇಟ್' ಎಂದರೆ ಅದು ಮಲಗುತ್ತದೆ ಅಷ್ಟೆ, ಸೆಟ್ಟಿಂಗ್‌ಗಳು ಉಳಿಯುತ್ತವೆ. 'ಡಿಲೀಟ್' ಮಾಡಿದಾಗ ತನ್ನ ಗುರುತುಗಳನ್ನು ಅಳಿಸಿಕೊಂಡು ಹೋಗುವುದು ಆ ಪ್ಲಗಿನ್ ಬರೆದವರ ಶಿಸ್ತಿಗೆ ಬಿಟ್ಟದ್ದು. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಕೆಲವರು ಬೇಕೆಂದೇ ಅಳಿಸುವುದಿಲ್ಲ. ಅಂಗಡಿ ನಡೆಸುವ ವೂಕಾಮರ್ಸ್ ಅಂಥದ್ದು: ಕಾನ್ಫಿಗ್ ಕಡತದಲ್ಲಿ ಸ್ಪಷ್ಟವಾಗಿ ಬರೆದು ಹೇಳದ ಹೊರತು ಪ್ಲಗಿನ್ ಅಳಿಸಿದರೂ ಆರ್ಡರುಗಳ ದಾಖಲೆ ಉಳಿಯುತ್ತದೆ. ವ್ಯಾಪಾರದ ಲೆಕ್ಕ ಒಂದು ಕ್ಲಿಕ್ಕಿಗೆ ಹೋಗಬಾರದೆಂಬ ಈ ನಿಲುವು ಸರಿಯಾದದ್ದು.

ಯಾವ ಪ್ಲಗಿನ್ ಕಾಟ ಕೊಡುತ್ತಿದೆ ಎಂದು ತಿಳಿಯದೆ ಇಡೀ ತಾಣ ಅಳಿಸಲು ಹೊರಟವರು 'ಹೆಲ್ತ್ ಚೆಕ್ ಆ್ಯಂಡ್ ಟ್ರಬಲ್‌ಶೂಟಿಂಗ್' ಎಂಬ ಉಚಿತ ಪ್ಲಗಿನ್ ಹಾಕಿ ನೋಡಬೇಕು. ಅದರ ಟ್ರಬಲ್‌ಶೂಟಿಂಗ್ ಸ್ಥಿತಿಯಲ್ಲಿ ನಿಮಗೆ ಮಾತ್ರ ಎಲ್ಲ ಪ್ಲಗಿನ್‌ಗಳು ನಿಂತು, ಡೀಫಾಲ್ಟ್ ಥೀಮ್ ಕಾಣುತ್ತದೆ. ಓದುಗರಿಗೆ ತಾಣ ಎಂದಿನಂತೆಯೇ ಇರುತ್ತದೆ. ಒಂದೊಂದೇ ಪ್ಲಗಿನ್ ಚಾಲೂ ಮಾಡುತ್ತ ಹೋದರೆ ಕಳ್ಳ ಸಿಗುತ್ತಾನೆ. ಡ್ಯಾಶ್‌ಬೋರ್ಡೇ ತೆರೆಯದಿದ್ದರೆ ಫೈಲ್ ಮ್ಯಾನೇಜರಿನಲ್ಲಿ 'ಪ್ಲಗಿನ್ಸ್' ಫೋಲ್ಡರಿನ ಹೆಸರು ಬದಲಿಸಿ. ಎಲ್ಲ ಪ್ಲಗಿನ್‌ಗಳೂ ನಿಲ್ಲುತ್ತವೆ. ಮೂಲ ಕಡತಗಳು ಕೆಟ್ಟಿವೆ ಎಂಬ ಅನುಮಾನವಿದ್ದರೆ ಡ್ಯಾಶ್‌ಬೋರ್ಡಿನ 'ಅಪ್‌ಡೇಟ್ಸ್' ಪುಟದಲ್ಲಿ 'ರೀ-ಇನ್‌ಸ್ಟಾಲ್' ಗುಂಡಿ ಇದೆ. ಹೆಸರು ಕೇಳಿ ಹೆದರಬೇಕಿಲ್ಲ, ಅದು ಮೂಲ ಕಡತಗಳನ್ನು ಮಾತ್ರ ಹೊಸದಾಗಿ ತಂದಿಡುತ್ತದೆ, ಬರಹಗಳನ್ನು ಮುಟ್ಟುವುದಿಲ್ಲ.

ಬ್ಯಾಕಪ್ ಎಂದರೆ ಎರಡು ಭಾಗ

ಇಷ್ಟರಲ್ಲಿ ಯಾವುದೂ ಸಾಲದೆ ಪೂರ್ತಿ ರೀಸೆಟ್ಟೇ ಬೇಕು ಎಂದಾದರೆ ಮೊದಲ ಕೆಲಸ ಬ್ಯಾಕಪ್. ಇಲ್ಲಿ ಬಹಳ ಜನ ಎಡವುವ ಜಾಗವನ್ನು ಬಿಡಿಸಿ ಹೇಳಬೇಕು. 'ಟೂಲ್ಸ್' ಮೆನುವಿನ 'ಎಕ್ಸ್‌ಪೋರ್ಟ್' ಒತ್ತಿದರೆ ಒಂದು ಎಕ್ಸ್‌ಎಂಎಲ್ ಕಡತ ಇಳಿಯುತ್ತದೆ. ಅದನ್ನೇ ಬ್ಯಾಕಪ್ ಎಂದು ನಂಬಿ ಸಮಾಧಾನಪಡುವವರು ಬಹಳ. ಅದರಲ್ಲಿ ಬರಹಗಳು, ಪುಟಗಳು, ಪ್ರತಿಕ್ರಿಯೆಗಳು, ವಿಭಾಗಗಳ ಹೆಸರುಗಳು ಇರುತ್ತವೆ. ಸೆಟ್ಟಿಂಗ್‌ಗಳಿಲ್ಲ, ಥೀಮಿಲ್ಲ, ಖಾತೆದಾರರ ಪಾಸ್‌ವರ್ಡ್‌ಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರಗಳಿಲ್ಲ. ಚಿತ್ರಗಳ ವಿಳಾಸಗಳು ಮಾತ್ರ ಇರುತ್ತವೆ. ಮರಳಿ ತುಂಬುವಾಗ ವರ್ಡ್‌ಪ್ರೆಸ್ ಆ ವಿಳಾಸಗಳಿಗೆ ಹೋಗಿ ಚಿತ್ರಗಳನ್ನು ತರಲು ನೋಡುತ್ತದೆ. ಅಷ್ಟರಲ್ಲಿ ನೀವು ಹಳೆಯ ತಾಣದ ಅಪ್‌ಲೋಡ್ಸ್ ಫೋಲ್ಡರನ್ನು ಅಳಿಸಿದ್ದರೆ ತರಲು ಅಲ್ಲೇನೂ ಇರುವುದಿಲ್ಲ. ಬರಹಗಳು ಬಂದವು, ಚಿತ್ರಗಳು ಹೋದವು ಎಂಬ ಸಂಕಟದ ಮೂಲ ಇಷ್ಟೇ.

ನಿಜವಾದ ಬ್ಯಾಕಪ್‌ಗೆ ಎರಡು ಭಾಗ ಬೇಕು. ಒಂದು, ಪಿಎಚ್‌ಪಿ ಮೈಅಡ್ಮಿನ್‌ನ 'ಎಕ್ಸ್‌ಪೋರ್ಟ್'ನಿಂದ ಇಳಿಸಿಕೊಂಡ ಇಡೀ ಡೇಟಾಬೇಸಿನ ಎಸ್‌ಕ್ಯೂಎಲ್ ಕಡತ. ಎರಡು, ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಪೂರ್ತಿ, ಜೊತೆಗೆ ಕಾನ್ಫಿಗ್ ಕಡತ. ಬ್ಯಾಕಪ್ ಪ್ಲಗಿನ್‌ಗಳು ಈ ಎರಡನ್ನೂ ಒಟ್ಟಿಗೆ ಮಾಡುತ್ತವೆ. ಆದರೆ ಅವು ಉಳಿಸುವ ಜಾಗ ಅನೇಕ ಸಲ ಅದೇ ಡಬ್ಲ್ಯುಪಿ-ಕಂಟೆಂಟ್ ಒಳಗೇ ಇರುತ್ತದೆ. ಕಡತವನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳದಿದ್ದರೆ ಅದು ಬ್ಯಾಕಪ್ ಆಗಲಿಲ್ಲ.

ಇಳಿಸಿದ ಎಸ್‌ಕ್ಯೂಎಲ್ ಕಡತವನ್ನು ಒಮ್ಮೆ ತೆರೆದು ಕನ್ನಡ ಕನ್ನಡವಾಗಿಯೇ ಕಾಣುತ್ತದೆಯೇ ಎಂದು ನೋಡಿ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ವರ್ಡ್‌ಪ್ರೆಸ್ 2015ರ 4.2ನೇ ಆವೃತ್ತಿಯಲ್ಲಿ ಯುಟಿಎಫ್8-ಎಂಬಿ4 ಎಂಬ ಸಂಕೇತಕ್ಕೆ ಬಂತು. ಅದಕ್ಕೂ ಹಳೆಯ ಕೆಲವು ತಾಣಗಳಲ್ಲಿ ಡೇಟಾಬೇಸಿನ ಕೋಷ್ಟಕ 'ಲ್ಯಾಟಿನ್-1' ಎಂದು ಹೇಳಿಕೊಂಡು ಒಳಗೆ ಕನ್ನಡದ ಬೈಟುಗಳನ್ನು ಇಟ್ಟುಕೊಂಡಿರುತ್ತದೆ. ತಾಣದಲ್ಲಿ ಸರಿಯಾಗಿ ಕಂಡರೂ ಬ್ಯಾಕಪ್ ಕಡತದಲ್ಲಿ ಅಪರಿಚಿತ ಲ್ಯಾಟಿನ್ ಅಕ್ಷರಗಳ ಸಾಲು ಸಿಗುತ್ತದೆ. ಆ ಸ್ಥಿತಿಯಲ್ಲಿದ್ದರೆ ಬೈಟುಗಳು ಉಳಿದಿವೆ, ಬಲ್ಲವರ ಸಹಾಯದಿಂದ ಬರಹವನ್ನು ಮರಳಿ ಪಡೆಯಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಆ ಕಡತದಲ್ಲಿ ನಿಮ್ಮ ಬರಹ ಇಲ್ಲ. ಅದನ್ನು ನಂಬಿ ಮೂಲವನ್ನು ಅಳಿಸಬೇಡಿ. ಕಾನ್ಫಿಗ್ ಕಡತದಲ್ಲಿ ಡೇಟಾಬೇಸಿನ ಅಕ್ಷರಸಂಕೇತ ಹೇಳುವ ಸಾಲನ್ನು ಹಾಗೆಯೇ ಬರೆದಿಟ್ಟುಕೊಳ್ಳುವುದೂ ಇದೇ ಕಾರಣಕ್ಕೆ.

ಲೇಖನಗಳನ್ನು ಬ್ಯಾಕಪ್‌ನಿಂದ ತರದೆ ಒಂದೊಂದಾಗಿ ಮತ್ತೆ ಅಂಟಿಸುತ್ತೇವೆ ಎನ್ನುವವರು ವಿಳಾಸದ ಸಂಗತಿ ನೆನಪಿಡಬೇಕು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಕನ್ನಡದ ಪ್ರತಿ ಸಂಕೇತವನ್ನು 9 ಚಿಹ್ನೆಗಳಾಗಿ ಬರೆಯುತ್ತದೆ, ಒಟ್ಟು 200ಕ್ಕೆ ಕತ್ತರಿಸುತ್ತದೆ. ಅಂದರೆ ಸುಮಾರು 22 ಸಂಕೇತ, ಎರಡು ಮೂರು ಪದ. ಉದ್ದ ಶೀರ್ಷಿಕೆಗಳ ವಿಳಾಸ ನಡುಪದದಲ್ಲೇ ತುಂಡಾಗುತ್ತದೆ. ಹಿಂದೆ ಯಾರಾದರೂ ಅದನ್ನು ಕೈಯಿಂದ ತಿದ್ದಿದ್ದರೆ ಹೊಸ ವಿಳಾಸ ಹಳೆಯದಕ್ಕೆ ಹೊಂದುವುದಿಲ್ಲ. ಎಕ್ಸ್‌ಎಂಎಲ್ ಕಡತದಲ್ಲಿ ಹಳೆಯ ವಿಳಾಸ ಉಳಿದಿರುತ್ತದೆ, ಅದರಿಂದ ತುಂಬುವುದೇ ಮೇಲು.

ಪೂರ್ತಿ ಅಳಿಸುವ ಬಗೆ

ಪೂರ್ತಿ ರೀಸೆಟ್‌ಗೆ ದಾರಿಗಳು ಮೂರು. ಸುಲಭದ್ದು 'ಡಬ್ಲ್ಯುಪಿ ರೀಸೆಟ್'ನಂಥ ಪ್ಲಗಿನ್. ಅದರ ಪೆಟ್ಟಿಗೆಯಲ್ಲಿ 'ರೀಸೆಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಮೇಲಷ್ಟೇ ಅದು ಕೆಲಸ ಶುರು ಮಾಡುತ್ತದೆ. ಬರಹ, ಪ್ರತಿಕ್ರಿಯೆ, ಸೆಟ್ಟಿಂಗ್, ಬೇರೆ ಖಾತೆಗಳು ಎಲ್ಲ ಹೋಗುತ್ತವೆ. ತಾಣದ ಹೆಸರು, ವಿಳಾಸ, ಭಾಷೆ, ನಿಮ್ಮ ಲಾಗಿನ್ ಉಳಿಯುತ್ತವೆ. ಥೀಮ್, ಪ್ಲಗಿನ್, ಚಿತ್ರಗಳ ಕಡತಗಳನ್ನು ಈ ಮುಖ್ಯ ರೀಸೆಟ್ ಮುಟ್ಟುವುದಿಲ್ಲ. ಅವು ಬೇಡವಾದರೆ ಬೇರೆಯಾಗಿ ಅಳಿಸಬೇಕು.

ಎರಡನೆಯದು ಡಬ್ಲ್ಯುಪಿ-ಸಿಎಲ್‌ಐ. ಇಲ್ಲಿ ಮೂರು ಆದೇಶಗಳ ವ್ಯತ್ಯಾಸ ಗೊತ್ತಿರಲೇಬೇಕು. 'ಸೈಟ್ ಎಂಪ್ಟಿ' ಬರಹ, ಪ್ರತಿಕ್ರಿಯೆ, ವಿಭಾಗಗಳನ್ನು ಮಾತ್ರ ಬರಿದು ಮಾಡುತ್ತದೆ. ಸೆಟ್ಟಿಂಗ್‌ಗಳು, ಖಾತೆಗಳು ಉಳಿಯುತ್ತವೆ. ಮಾದರಿ ಪುಟಗಳನ್ನು ತೆಗೆಯಲು ಇದಕ್ಕಿಂತ ಒಳ್ಳೆಯದಿಲ್ಲ. 'ಡಿಬಿ ಕ್ಲೀನ್' ನಿಮ್ಮ ತಾಣದ ಪೂರ್ವಪದ ಹೊತ್ತ ಕೋಷ್ಟಕಗಳನ್ನು ತೆಗೆಯುತ್ತದೆ. 'ಡಿಬಿ ರೀಸೆಟ್' ಡೇಟಾಬೇಸನ್ನೇ ಅಳಿಸಿ ಖಾಲಿಯಾಗಿ ಮತ್ತೆ ಸೃಷ್ಟಿಸುತ್ತದೆ. ಹೋಸ್ಟಿಂಗ್ ಖರ್ಚು ಉಳಿಸಲು ಒಂದೇ ಡೇಟಾಬೇಸಿನಲ್ಲಿ ಎರಡು ತಾಣ ನಡೆಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅಂಥಲ್ಲಿ ಈ ಆದೇಶ ಕೊಟ್ಟರೆ ಎರಡೂ ಹೋಗುತ್ತವೆ.

ಮೂರನೆಯದು ಪಿಎಚ್‌ಪಿ ಮೈಅಡ್ಮಿನ್‌ನಲ್ಲಿ ಕೋಷ್ಟಕಗಳನ್ನು ಅಳಿಸಿ ತಾಣದ ವಿಳಾಸ ತೆರೆದು ಹೊಸದಾಗಿ ಸ್ಥಾಪಿಸುವುದು. ಇದರಲ್ಲಿರುವ ಅಪಾಯವನ್ನು ಹೇಳುವವರು ಕಡಿಮೆ. ಕೋಷ್ಟಕಗಳು ಹೋದ ಕ್ಷಣದಿಂದ ನೀವು ಸ್ಥಾಪನೆ ಮುಗಿಸುವವರೆಗೆ ಆ ವಿಳಾಸಕ್ಕೆ ಬಂದ ಯಾರಿಗೆ ಬೇಕಾದರೂ ಸ್ಥಾಪನೆಯ ಪುಟ ಕಾಣುತ್ತದೆ. ಅವರು ಹೆಸರು, ಪಾಸ್‌ವರ್ಡ್ ತುಂಬಿದರೆ ತಾಣದ ಆಡಳಿತ ಅವರದು. ಅಳಿಸಿ, ಊಟ ಮಾಡಿ ಬಂದು ಸ್ಥಾಪಿಸೋಣ ಎಂದುಕೊಳ್ಳಬೇಡಿ. ಮೊದಲು ಹೋಸ್ಟಿಂಗ್‌ನಲ್ಲಿ ಆ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿ, ಒಂದೇ ಕೂತಲ್ಲಿ ಮುಗಿಸಿ.

ರೀಸೆಟ್ ಪ್ಲಗಿನ್ ಬಳಸಿದವರು ಕೆಲಸವಾದ ಮೇಲೆ ಅದನ್ನು ಅಳಿಸಿಬಿಡಬೇಕು ಎಂದು ನಾನು ಪಟ್ಟುಹಿಡಿದು ಹೇಳುವುದಕ್ಕೆ 2020ರ ಎರಡು ಘಟನೆಗಳು ಕಾರಣ. ಆ ಜನವರಿಯಲ್ಲಿ 'ಡಬ್ಲ್ಯುಪಿ ಡೇಟಾಬೇಸ್ ರೀಸೆಟ್' ಎಂಬ ಪ್ಲಗಿನ್‌ನಲ್ಲಿ ದೋಷವಿರುವುದನ್ನು ವರ್ಡ್‌ಫೆನ್ಸ್ ಭದ್ರತಾ ಸಂಸ್ಥೆ ಬಹಿರಂಗಪಡಿಸಿತು. 80,000ಕ್ಕೂ ಹೆಚ್ಚು ತಾಣಗಳಲ್ಲಿದ್ದ ಆ ಪ್ಲಗಿನ್ ಮೂಲಕ ಲಾಗಿನ್ ಇಲ್ಲದ ಯಾರಾದರೂ ಯಾವ ಕೋಷ್ಟಕವನ್ನಾದರೂ ಮೊದಲ ಸ್ಥಿತಿಗೆ ತರಬಹುದಿತ್ತು. ಮರುತಿಂಗಳೇ ಥೀಮ್‌ಗ್ರಿಲ್ ಡೆಮೊ ಇಂಪೋರ್ಟರ್ ಎಂಬ ಪ್ಲಗಿನ್‌ನಲ್ಲೂ ಅಂಥದೇ ದೋಷ ಹೊರಬಂತು. ಅದು 2 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ಹೊರಗಿನವರು ಡೇಟಾಬೇಸ್ ಬರಿದು ಮಾಡಬಹುದಿತ್ತು. 'ಅಡ್ಮಿನ್' ಎಂಬ ಹೆಸರಿನ ಖಾತೆ ಇದ್ದರೆ ಅದರ ಮೂಲಕ ಒಳಗೂ ಬರಬಹುದಿತ್ತು. ಎರಡಕ್ಕೂ ಬೇಗನೆ ತಿದ್ದುಪಡಿ ಬಂತು. ಅಳಿಸುವ ಸಾಮರ್ಥ್ಯವನ್ನು ತಾಣದೊಳಗೆ ಸದಾ ಇಟ್ಟುಕೊಂಡಿರುವುದೇ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಳನುಗ್ಗಿದವರಿಂದ ಕೆಟ್ಟ ತಾಣಕ್ಕೆ ಡೇಟಾಬೇಸ್ ರೀಸೆಟ್ ಮದ್ದಲ್ಲ. ದುಷ್ಟ ಕೋಡ್ ಹೆಚ್ಚಾಗಿ ಅಡಗುವುದು ಕಡತಗಳಲ್ಲಿ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಚಿತ್ರಗಳ ನಡುವೆ ಪಿಎಚ್‌ಪಿ ಕಡತ ಕಂಡರೆ ಅನುಮಾನಿಸಿ. 'ಎಂಯು-ಪ್ಲಗಿನ್ಸ್' ಎಂಬ ಫೋಲ್ಡರನ್ನು ಮರೆಯದೆ ನೋಡಿ; ಅದರಲ್ಲಿರುವವು ಡ್ಯಾಶ್‌ಬೋರ್ಡಿನಿಂದ ನಿಲ್ಲಿಸಲಾಗದ, ತಾವೇ ಚಾಲೂ ಆಗುವ ಪ್ಲಗಿನ್‌ಗಳು. ಕಾನ್ಫಿಗ್ ಕಡತದ ಮೇಲ್ಭಾಗದಲ್ಲಿ ನೀವು ಬರೆಯದ ಸಾಲುಗಳಿವೆಯೇ ನೋಡಿ. ಮೂಲ ಕಡತಗಳು, ಥೀಮ್, ಪ್ಲಗಿನ್ ಎಲ್ಲವನ್ನೂ ಅಧಿಕೃತ ಜಾಗದಿಂದ ಹೊಸದಾಗಿ ತಂದು, ಗುರುತಿಲ್ಲದ ಅಡ್ಮಿನ್ ಖಾತೆಗಳನ್ನು ತೆಗೆದು, ಡೇಟಾಬೇಸಿನ ಮತ್ತು ಹೋಸ್ಟಿಂಗ್‌ನ ಪಾಸ್‌ವರ್ಡ್ ಬದಲಿಸಿ. ಕಾನ್ಫಿಗ್‌ನಲ್ಲಿರುವ ಗುಪ್ತ ಕೀಲಿಗಳನ್ನು ಬದಲಿಸಿದರೆ ಲಾಗಿನ್ ಆಗಿರುವ ಎಲ್ಲರೂ ಹೊರಬೀಳುತ್ತಾರೆ, ಕಳ್ಳನೂ ಸೇರಿ.

ರೀಸೆಟ್ ಮುಗಿದ ಮೇಲೂ ಹಳೆಯ ಪುಟವೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ, ಅದು ಕ್ಯಾಶೆ, ಅಂದರೆ ತಾತ್ಕಾಲಿಕವಾಗಿ ಉಳಿಸಿಟ್ಟ ನಕಲು. ಬ್ರೌಸರ್, ಹೋಸ್ಟಿಂಗ್, ಸಿಡಿಎನ್ ಮೂರು ಕಡೆಯೂ ಅದನ್ನು ಖಾಲಿ ಮಾಡಬೇಕು. ಮುಖಪುಟ ಮಾತ್ರ ತೆರೆದು ಉಳಿದ ಪುಟಗಳೆಲ್ಲ 404 ಎಂದರೆ ಪರ್ಮಾಲಿಂಕ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ 'ಸೇವ್' ಒತ್ತಿ. ಸರ್ವರಿನ ನಿಯಮಗಳು ಮತ್ತೆ ಬರೆಯಲ್ಪಡುತ್ತವೆ. ಹೊಸ ಸ್ಥಾಪನೆಯ ಜೊತೆ ಬರುವ 'ಹಲೋ ವರ್ಲ್ಡ್' ಬರಹ, ಮಾದರಿ ಪುಟಗಳನ್ನು ತೆಗೆಯಿರಿ. 'ರೀಡಿಂಗ್' ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನು ತಡೆಯುವ ಪೆಟ್ಟಿಗೆಯಲ್ಲಿ ಗುರುತು ಬಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುವ ಕನ್ನಡಿಗರೂ ಬಹಳಷ್ಟಿದ್ದಾರೆ. ಅಲ್ಲಿ ಕಡತ, ಡೇಟಾಬೇಸುಗಳ ತಲೆನೋವಿಲ್ಲ. 'ಥೀಮ್' ಪುಟದ ಮೆನುವಿನಲ್ಲಿರುವ 'ಬ್ಯಾಕಪ್'ನಿಂದ ಥೀಮಿನ ನಕಲು, 'ಸೆಟ್ಟಿಂಗ್ಸ್'ನಿಂದ ಬರಹಗಳ ನಕಲು ಪ್ರತ್ಯೇಕವಾಗಿ ಇಳಿಸಿಕೊಂಡು, ಹೊಸ ಥೀಮ್ ಅನ್ವಯಿಸಿದರೆ ರೂಪ ಮೊದಲಿನಂತಾಗುತ್ತದೆ. ಎಚ್‌ಟಿಎಂಎಲ್‌ನಲ್ಲಿ ಕೈಯಿಂದ ಸೇರಿಸಿದ ಕೋಡ್ ಹೋಗುತ್ತದೆ, ಬರಹಗಳು ಹೋಗುವುದಿಲ್ಲ.

ಮತ್ತೆ ವರ್ಡ್‌ಪ್ರೆಸ್‌ಗೆ ಬಂದರೆ, ನಿಜವಾದ ತಾಣದ ಮೇಲೆ ಇವನ್ನೆಲ್ಲ ಮಾಡುವ ಮೊದಲು ಒಮ್ಮೆ ಅಭ್ಯಾಸ ಮಾಡಬೇಕೆನಿಸಿದರೆ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಇದೆ. ಹೋಸ್ಟಿಂಗ್, ಖಾತೆ, ಹಣ ಯಾವುದೂ ಬೇಡ, ಬ್ರೌಸರಿನಲ್ಲೇ ಪೂರ್ತಿ ವರ್ಡ್‌ಪ್ರೆಸ್ ಓಡುತ್ತದೆ. ಅಲ್ಲಿ ನಿಮ್ಮ ಎಕ್ಸ್‌ಎಂಎಲ್ ಕಡತವನ್ನು ತುಂಬಿ ನೋಡಿ, ಥೀಮ್ ಬದಲಿಸಿ, ಟೆಂಪ್ಲೇಟ್ ರೀಸೆಟ್ ಮಾಡಿ. ನಿಮ್ಮ ಹೋಸ್ಟಿಂಗ್‌ನಲ್ಲಿ 'ಸ್ಟೇಜಿಂಗ್', ಅಂದರೆ ತಾಣದ ಪರೀಕ್ಷಾ ನಕಲಿನ ಸೌಲಭ್ಯವಿದ್ದರೆ ಡೇಟಾಬೇಸಿನ ಬ್ಯಾಕಪ್ಪನ್ನು ಅಲ್ಲಿ ಮರಳಿ ತುಂಬಿ, ಹತ್ತು ಲೇಖನಗಳನ್ನಾದರೂ ತೆರೆದು ಅಕ್ಷರ, ಚಿತ್ರ, ಕೊಂಡಿ ಮೂರೂ ಸರಿಯಿವೆಯೇ ಎಂದು ಪರೀಕ್ಷಿಸಿ. ಅಲ್ಲಿ ತೆರೆದುಕೊಂಡ ಬ್ಯಾಕಪ್ ಕೈಯಲ್ಲಿರುವಾಗ ಮಾತ್ರ ಮೂಲ ತಾಣದ ಮೇಲೆ ರೀಸೆಟ್ ಒತ್ತಿ.